ತೀವ್ರ ನೋವು ಮತ್ತು ದೇಹದ ಉಷ್ಣತೆ

ಗಾಯ, ಸುಟ್ಟಗಾಯ ಅಥವಾ ಶಸ್ತ್ರಚಿಕಿತ್ಸೆಯಿಂದ ಹಠಾತ್ತನೆ ಉಂಟಾಗಿ, ಕಾರಣವು ವಾಸಿಯಾದಂತೆ ಶಮನಗೊಳ್ಳುವ ನೋವನ್ನು ತೀವ್ರ ನೋವು ಎನ್ನುತ್ತಾರೆ. ನೋವು ಹಾಗೂ ಬಿಸಿ-ತಂಪುಗಳ ಸಂವೇದನೆಗಳು ಚರ್ಮದಿಂದ ಮೆದುಳಿನವರೆಗೆ ಬಹುಮಟ್ಟಿಗೆ ಒಂದೇ ಮಾರ್ಗದಲ್ಲಿ ಸಾಗುತ್ತವೆ. ಆದ್ದರಿಂದ ನೋವು ದೇಹದ ಉಷ್ಣ ನಿಯಂತ್ರಣದ ಮೇಲೆ ಪರಿಣಾಮ ಬೀರುತ್ತದೆ. ನೋವನ್ನು ತಡೆಯುವ ಔಷಧವೂ ಉಷ್ಣತೆಯನ್ನು ಬದಲಿಸಬಲ್ಲದು.

ನರಮಾರ್ಗ

ಚರ್ಮದಲ್ಲಿರುವ ತೆಳುವಾದ ಎ-ಡೆಲ್ಟಾ ಮತ್ತು ಸಿ ನರತಂತುಗಳು ನೋವು ಮತ್ತು ಉಷ್ಣತೆ ಎರಡನ್ನೂ ಗ್ರಹಿಸುತ್ತವೆ. ಈ ಸಂಕೇತಗಳು ಮೆದುಳುಬಳ್ಳಿಯನ್ನು ಪ್ರವೇಶಿಸಿ, ಎದುರು ಪಾರ್ಶ್ವಕ್ಕೆ ದಾಟಿ, ಸ್ಪೈನೋಥಲಾಮಿಕ್ ಮಾರ್ಗದ ಮೂಲಕ ಥಲಾಮಸ್ ತಲುಪುತ್ತವೆ. ಸಂಕೇತಗಳ ಇನ್ನೊಂದು ಭಾಗವು ಮೆದುಳುಕಾಂಡದ ಪ್ಯಾರಾಬ್ರೇಕಿಯಲ್ ನ್ಯೂಕ್ಲಿಯಸ್‌ಗೆ ಹೋಗುತ್ತದೆ. ಅಲ್ಲಿಂದ ಉಷ್ಣತೆಯ ಮಾಹಿತಿಯು ಹೈಪೋಥಲಾಮಸ್‌ಗೆ ಹೊಂದಿಕೊಂಡಿರುವ ಪ್ರಿಆಪ್ಟಿಕ್ ಪ್ರದೇಶಕ್ಕೂ, ನೋವಿನ ಮಾಹಿತಿಯು ಭಯ-ಆತಂಕಗಳಿಗೆ ಸಂಬಂಧಿಸಿದ ಅಮಿಗ್ಡಲಕ್ಕೂ ತಲುಪುತ್ತದೆ. ಪ್ರಿಆಪ್ಟಿಕ್ ಪ್ರದೇಶವು ದೇಹೋಷ್ಣತೆಯ ಮುಖ್ಯ ನಿಯಂತ್ರಣ ಕೇಂದ್ರ.

ಸಿರಿಂಗೊಮೈಲಿಯಾ ಎಂಬ ರೋಗವು ಈ ಸಹಮಾರ್ಗಕ್ಕೆ ಸಾಕ್ಷಿಯಾಗಿದೆ. ಇದರಲ್ಲಿ ಮೆದುಳುಬಳ್ಳಿಯ ನಡುವೆ ದ್ರವ ತುಂಬಿದ ಕುಳಿಯುಂಟಾಗಿ, ಎದುರು ಪಾರ್ಶ್ವಕ್ಕೆ ದಾಟುವ ತಂತುಗಳು ಹಾನಿಗೊಳ್ಳುತ್ತವೆ. ರೋಗಿಗೆ ಸ್ಪರ್ಶದ ಅರಿವು ಉಳಿದಿದ್ದರೂ ನೋವು ಮತ್ತು ಬಿಸಿಯ ಅರಿವುಗಳು ಒಟ್ಟಿಗೆ ಇಲ್ಲವಾಗುವುದರಿಂದ, ಕೈ ಸುಟ್ಟರೂ ತಿಳಿಯದೆ ಹೋಗಬಹುದು.

ದೇಹದ ಪ್ರತಿಕ್ರಿಯೆ

ತೀವ್ರ ನೋವು ಅನುವೇದನಾ ನರವ್ಯೂಹವನ್ನು ಪ್ರಚೋದಿಸುತ್ತದೆ. ಚರ್ಮದ ರಕ್ತನಾಳಗಳು ಸಂಕುಚಿತಗೊಂಡು ಕೈಕಾಲುಗಳು ತಣ್ಣಗಾಗುತ್ತವೆ. ಅಂಗೈ ಮತ್ತು ಹಣೆ ಬೆವರುತ್ತವೆ. ಶಾಖವು ಒಳಗೇ ಉಳಿಯುವುದರಿಂದ ದೇಹದ ಒಳಗಿನ ಉಷ್ಣತೆ ತುಸು ಏರಬಹುದು. ಆದರೆ ನೋವಿನ ಜೊತೆಗೆ ಹೆಚ್ಚಿನ ಜ್ವರವಿದ್ದರೆ, ಸೋಂಕು ಅಥವಾ ಉರಿಯೂತವಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.

ಮೆಣಸಿನಕಾಯಿ ಮತ್ತು ಟಿಆರ್‌ಪಿವಿ1

ಮೆಣಸಿನಕಾಯಿಯ ಖಾರಕ್ಕೆ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ ಕಾರಣ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು; ಅದರಲ್ಲಿ ಈ ರಾಸಾಯನಿಕದ ಪ್ರಮಾಣ ಕಡಿಮೆಯಿರುವುದರಿಂದ ಖಾರ ಕಡಿಮೆ. ಮೈಸೂರಿನಲ್ಲಿ ಒಂಟಿಕೊಪ್ಪಲ್ ಸಮೀಪದ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿ ವಿ. ಎಸ್. ಗೋವಿಂದರಾಜನ್ ಅವರು ಮೆಣಸಿನಕಾಯಿಯ ಕುರಿತು 1985ರಿಂದ ವಿಮರ್ಶಾತ್ಮಕ ಲೇಖನಮಾಲೆಯನ್ನು ಪ್ರಕಟಿಸಿದರು. 1991ರಲ್ಲಿ ಪ್ರಕಟವಾದ ಅದರ ಒಂದು ಭಾಗವು ಖಾರ ಮತ್ತು ನೋವಿನ ವಿಷಯವನ್ನು ಒಳಗೊಂಡಿದೆ.

ಕ್ಯಾಪ್ಸೈಸಿನ್‌ಗೆ ಸ್ಪಂದಿಸುವ ಟಿಆರ್‌ಪಿವಿ1 ಗ್ರಾಹಕವನ್ನು ಡೇವಿಡ್ ಜೂಲಿಯಸ್ ಅವರ ತಂಡವು 1997ರಲ್ಲಿ ಗುರುತಿಸಿತು. ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖಕ್ಕೂ ಇದೇ ಗ್ರಾಹಕ ತೆರೆದುಕೊಳ್ಳುತ್ತದೆ. ಖಾರ ತಿಂದಾಗ ಬಾಯಿ ಉರಿದು ಮುಖ ಬೆವರುವುದು ಇದರಿಂದಲೇ. ಜೂಲಿಯಸ್ ಅವರಿಗೆ ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಔಷಧಗಳ ಮೇಲಿನ ಪರಿಣಾಮ

ಟಿಆರ್‌ಪಿವಿ1 ಅನ್ನು ತಡೆದರೆ ನೋವು ನೀಗಬಹುದೆಂಬ ನಿರೀಕ್ಷೆಯಿಂದ ಹಲವು ಔಷಧಗಳನ್ನು ರೂಪಿಸಲಾಯಿತು. ಅವುಗಳಲ್ಲೊಂದಾದ ಎಎಂಜಿ 517 ಅನ್ನು ದವಡೆಹಲ್ಲು ಕೀಳಿಸಿಕೊಂಡವರಿಗೆ ನೀಡಿದಾಗ ಕೆಲವರ ದೇಹೋಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿತೆಂದು 2008ರಲ್ಲಿ ವರದಿಯಾಯಿತು. ಶಾಖೋತ್ಪತ್ತಿಯನ್ನು ಹತೋಟಿಯಲ್ಲಿಡಲು ನೆರವಾಗುವ ಈ ಗ್ರಾಹಕವನ್ನು ತಡೆದುದೇ ಇದಕ್ಕೆ ಕಾರಣ.

ಇಬುಪ್ರೊಫೇನ್‌ನಂತಹ ಔಷಧಗಳ ಪರಿಣಾಮ ಇದಕ್ಕೆ ವಿರುದ್ಧವಾದುದು. ಪ್ರೋಸ್ಟಗ್ಲಾಂಡಿನ್ ಇ2 ಎಂಬ ವಸ್ತುವು ಗಾಯದ ಸ್ಥಳದಲ್ಲಿ ನೋವನ್ನು ಹೆಚ್ಚಿಸುತ್ತದೆ, ಮೆದುಳಿನಲ್ಲಿ ಜ್ವರವನ್ನು ಉಂಟುಮಾಡುತ್ತದೆ. ಅದರ ಉತ್ಪಾದನೆ ಕುಗ್ಗಿದಾಗ ನೋವು ಮತ್ತು ಜ್ವರ ಎರಡೂ ಇಳಿಯುತ್ತವೆ.