ರಾಗಿ ಬೇರಿನ ಬ್ಯಾಕ್ಟೀರಿಯಾ ಕೈಗೆ ಸಿಕ್ಕ ಕತೆ

ಮುಂಗಾರು ಹದವಾಗಿ ಬಿದ್ದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಖುಷ್ಕಿ ಹೊಲಗಳಲ್ಲಿ ರಾಗಿ ಬಿತ್ತನೆ ಶುರು. ಬೀಜೋಪಚಾರಕ್ಕೆ ಸಿಗುವ ಜೈವಿಕ ಗೊಬ್ಬರಗಳಲ್ಲಿ ಅಜೋಸ್ಪೈರಿಲಮ್ ಒಂದು. ನೋಡಲು ಪೊಟ್ಟಣದ ತುಂಬ ಪುಡಿ, ಒಳಗಿರುವುದು ಜೀವಂತ ಬ್ಯಾಕ್ಟೀರಿಯಾ. ಅದನ್ನು ಬೇರಿನಿಂದ ಸಲೀಸಾಗಿ ಹಿಡಿಯುವ ದಾರಿ ಸಿಗಲು ಅರ್ಧ ಶತಮಾನ ಬೇಕಾಯಿತು.

ನೆದರ್ಲೆಂಡ್ಸ್‌ನ ಮಾರ್ಟಿನಸ್ ಬೈಜೆರಿಂಕ್ 1925ರಲ್ಲೇ ಈ ಸುರುಳಿಯಾಕಾರದ ಜೀವಿಗೆ ‘ಸ್ಪೈರಿಲಮ್ ಲಿಪೋಫೆರಮ್’ ಎಂದು ಹೆಸರಿಟ್ಟಿದ್ದರು. ಆಮೇಲೆ ಅದು ಬಹುಮಟ್ಟಿಗೆ ಮರೆತೇಹೋಯಿತು. ತೊಡಕು ಇದ್ದದ್ದು ಅದರ ಸ್ವಭಾವದಲ್ಲಿ. ಗಾಳಿಯ ಸಾರಜನಕವನ್ನು ಹಿಡಿದಿಡುವ ಅದರ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಲಸ ನಿಂತುಹೋಗುತ್ತದೆ. ಹಾಗೆಂದು ಆಮ್ಲಜನಕವೇ ಇಲ್ಲದಿದ್ದರೆ ಉಸಿರಾಟಕ್ಕೆ ಕುತ್ತು. ಹೆಚ್ಚಾದರೂ ಕಷ್ಟ, ಇಲ್ಲದಿದ್ದರೂ ಕಷ್ಟ.

ಈ ಗಂಟು ಬಿಚ್ಚಿದವರು ಯೊಹಾನ್ನಾ ಡೊಬೆರೈನರ್. 1924ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿದ ಆಕೆ 1950ರ ಹೊತ್ತಿಗೆ ಬ್ರೆಜಿಲ್ ಸೇರಿ, ರಿಯೊ ಬಳಿಯ ಸೆರೊಪೆಡಿಕಾದಲ್ಲಿ ಹುಲ್ಲು, ಕಬ್ಬುಗಳ ಬೇರನ್ನು ಕೆದಕುತ್ತಾ ಬಾಳು ಸವೆಸಿದರು. 1970ರ ದಶಕದ ಮಧ್ಯದಲ್ಲಿ ಅವರೂ ಸಹವಿಜ್ಞಾನಿ ಜೆ.ಎಂ. ಡೇ ಅವರೂ ಬ್ಯಾಕ್ಟೀರಿಯಾ ಬೆಳೆಸುವ ಹೊಸ ಮಾಧ್ಯಮವೊಂದನ್ನು ಬಳಕೆಗೆ ತಂದರು. ಆಹಾರವಾಗಿ ಮ್ಯಾಲಿಕ್ ಆಮ್ಲ, ಜೊತೆಗೆ ಒಂದಿಷ್ಟು ಲವಣ, ಬಣ್ಣ ಬದಲಿಸುವ ಬ್ರೋಮೊಥೈಮಾಲ್ ಬ್ಲೂ. ಸಾರಜನಕವನ್ನು ಹಾಕಲೇ ಇಲ್ಲ. ಬೇಕಾದವರು ಗಾಳಿಯಿಂದಲೇ ಪಡೆಯಬೇಕು. ಗಟ್ಟಿ ಮಾಧ್ಯಮಕ್ಕೆ ಲೀಟರಿಗೆ ಸುಮಾರು 15 ಗ್ರಾಂ ಅಗರ್ ಹಾಕುವುದು ರೂಢಿ. ಇಲ್ಲಿ 2 ಗ್ರಾಂಗಿಂತಲೂ ಕಡಿಮೆ. ಹಾಗಾಗಿ ಅದು ತೆಳು ಅಂಬಲಿಯಂತೆ ಅಲುಗುತ್ತದೆ.

ಗುಟ್ಟು ಇರುವುದೇ ಆ ತೆಳುತನದಲ್ಲಿ. ಪುಟ್ಟ ಸೀಸೆಗೆ ಮಾಧ್ಯಮ ತುಂಬಿ ಬೇರಿನ ಚೂರು ಹಾಕಿಟ್ಟರೆ, ಮೇಲಿನ ಆಮ್ಲಜನಕ ನಿಧಾನವಾಗಿ ಕೆಳಗಿಳಿಯುತ್ತದೆ. ಬ್ಯಾಕ್ಟೀರಿಯಾ ಈಜಿಕೊಂಡು ಹೋಗಿ ತನಗೆ ಒಗ್ಗುವ ಆಳದಲ್ಲಿ ನೆಲೆ ನಿಲ್ಲುತ್ತದೆ. ಎರಡು ಮೂರು ದಿನಗಳಲ್ಲಿ ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಕೆಳಗೆ ಬಿಳಿ ಪೊರೆ ಕಟ್ಟುತ್ತದೆ. ಆಮ್ಲ ಖರ್ಚಾಗುತ್ತಾ ಬಂದಂತೆ ಹಸಿರು ಮಾಧ್ಯಮ ನೀಲಿಗೆ ತಿರುಗುತ್ತದೆ. ದುಬಾರಿ ಯಂತ್ರ ಬೇಡ, ಕಣ್ಣೇ ಸಾಕು. ಈ ಮಾಧ್ಯಮದ ಬಲದಿಂದ ಬೇರೆ ಬೇರೆ ಬೆಳೆಗಳ ಬೇರಿನಿಂದ ಇದು ಸಿಗತೊಡಗಿತು. 1978ರಲ್ಲಿ ಟಾರಂಡ್, ಕ್ರೀಗ್ ಮತ್ತು ಡೊಬೆರೈನರ್ ಇದಕ್ಕೆ ಅಜೋಸ್ಪೈರಿಲಮ್ ಎಂಬ ಹೊಸ ಕುಲವನ್ನೇ ಕೊಟ್ಟರು.

ಕಷ್ಟದ ಜೀವಿಗೆ ಕಷ್ಟದ ಮಾಧ್ಯಮವೇ ಬೇಕೆಂದೇನಿಲ್ಲ. ಅದರ ಸ್ವಭಾವ ಅರಿತರೆ ನಾಲ್ಕಾರು ಲವಣಗಳಲ್ಲೇ ಕೆಲಸವಾಗುತ್ತದೆ. ಇದು ಡೊಬೆರೈನರ್ ತೋರಿಸಿಕೊಟ್ಟ ದೊಡ್ಡ ಪಾಠ.

ರಾಗಿಗೆ ಕಿಲೋ ಬಿತ್ತನೆ ಬೀಜಕ್ಕೆ 25 ಗ್ರಾಂ ಅಜೋಸ್ಪೈರಿಲಮ್ ಬಳಸುವಂತೆ ಶಿಫಾರಸು ಇದೆ. ಅದು ಸಾರಜನಕದ ಒಂದು ಪಾಲನ್ನು ಒದಗಿಸುತ್ತದೆ, ಬೇರು ಕವಲೊಡೆಯಲು ನೆರವಾಗುತ್ತದೆ. ಆದರೆ ಕೊಟ್ಟಿಗೆ ಗೊಬ್ಬರದ ಜಾಗ ತುಂಬಲಾರದು. ಪೊಟ್ಟಣ ಕೊಳ್ಳುವಾಗ ಅವಧಿಯ ದಿನಾಂಕ ನೋಡಿ, ಬಿಸಿಲಿಗೆ ಇಡಬೇಡಿ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದನ್ನು ಮೊದಲೇ ಮುಗಿಸಿ, ಬಿತ್ತುವ ಹೊತ್ತಿಗೆ ಇದನ್ನು ಬೆರೆಸಿ. ಒಳಗಿರುವುದು ಜೀವ, ಸತ್ತ ಬ್ಯಾಕ್ಟೀರಿಯಾದಿಂದ ಬೆಳೆಗೆ ಏನೂ ಸಿಗದು.