ಅಪ್ಪನ ಲೆಕ್ಕ, ಮಗನ ಕಾರ್ಡು

“ಅಪ್ಪನ ಲೆಕ್ಕಕ್ಕೆ ಬರೆದುಕೊಳ್ಳಿ, ಶೆಟ್ಟರೇ” ಎಂದು ಹೇಳಿ ಕಾಫಿಪುಡಿಯ ಪೊಟ್ಟಣವನ್ನು ಮನೆಗೆ ತಂದ ನೆನಪು ನಿಮ್ಮಲ್ಲಿ ಅನೇಕರಿಗೆ ಇದ್ದೀತು. ಅಂಗಡಿಗೆ ಹೋದವನು ಹುಡುಗ. ಉದ್ದರಿ ಪುಸ್ತಕದಲ್ಲಿದ್ದುದು ತಂದೆಯ ಹೆಸರು. ಈಗ ಬ್ಯಾಂಕುಗಳು ‘ಆಡ್-ಆನ್ ಕಾರ್ಡ್’ ಎಂದು ಕೊಡುತ್ತಿರುವುದು ಹೆಚ್ಚುಕಡಿಮೆ ಇದನ್ನೇ. ತಂದೆಯ ಅಥವಾ ತಾಯಿಯ ಕ್ರೆಡಿಟ್ ಕಾರ್ಡಿನ ಲೆಕ್ಕಕ್ಕೆ ಮಗನನ್ನೋ ಮಗಳನ್ನೋ ಸೇರಿಸಿ, ಅವರ ಹೆಸರಿನಲ್ಲಿ ಇನ್ನೊಂದು ಕಾರ್ಡನ್ನು ಪಡೆಯುವುದು. ಒಂದು ವ್ಯತ್ಯಾಸವುಂಟು. “ಇಷ್ಟೊಂದು ಮಿಠಾಯಿ ಯಾರಿಗಯ್ಯ? ನಿಮ್ಮಪ್ಪನಿಗೆ ಗೊತ್ತೇ?” ಎಂದು ಶೆಟ್ಟರು ಕೇಳುತ್ತಿದ್ದರು. ಯಂತ್ರ ಕೇಳುವುದಿಲ್ಲ.

ಕ್ರೆಡಿಟ್ ಎಂಬುದಕ್ಕೆ ಕನ್ನಡದಲ್ಲಿ ‘ಪತ್ತು’ ಎಂಬ ಸೊಗಸಾದ ಮಾತಿದೆ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಹುಟ್ಟಿದ್ದು ಪತ್ತಿನ ಸಹಕಾರ ಸಂಘವೇ. ಪತ್ತು ಎಂದರೆ ಸಾಲವಷ್ಟೇ ಅಲ್ಲ, ಕೊಟ್ಟ ಮಾತಿನಂತೆ ತೀರಿಸುವನೆಂಬ ನಂಬಿಕೆಯೂ ಹೌದು. ಆಡ್-ಆನ್ ಕಾರ್ಡಿನಲ್ಲಿ ಖರ್ಚು ಮಾಡುವ ಕೈ ಒಬ್ಬರದು, ಪಣಕ್ಕಿಟ್ಟ ಪತ್ತು ಇನ್ನೊಬ್ಬರದು.

ಕಾನೂನೂ ಇದನ್ನೇ ಹೇಳುತ್ತದೆ. 1872ರ ಕರಾರು ಕಾಯಿದೆಯಂತೆ ಅಪ್ರಾಪ್ತ ವಯಸ್ಕನು ಕರಾರು ಮಾಡಿಕೊಳ್ಳಲು ಅರ್ಹನಲ್ಲ. ಅಂಥ ಕರಾರು ಅಸಿಂಧುವೆಂದು 1903ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ಮಗನಿಗೆ ಹದಿನೆಂಟು ತುಂಬಿದರೆ ಹೊಣೆ ಅವನಿಗೆ ದಾಟುವುದೇ ಎಂದರೆ, ಅದೂ ಇಲ್ಲ. ಆಡ್-ಆನ್ ಕಾರ್ಡಿನ ಹೊಣೆ ಮುಖ್ಯ ಕಾರ್ಡುದಾರನದೇ ಎಂದು ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ಸ್ಪಷ್ಟಪಡಿಸಿತು. ಕಂತು ತಪ್ಪಿದರೆ ಕೆಡುವುದು ನಿಮ್ಮ ಅಂಕ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಮಗ ಹುಬ್ಬಳ್ಳಿಯ ಹಾಸ್ಟೆಲಿಗೆ ಹೊರಟಾಗ ಅವನಿಗೊಂದು ಆಡ್-ಆನ್ ಕಾರ್ಡು ಮಾಡಿಸಿಕೊಟ್ಟೆ. ಮೂರನೆಯ ತಿಂಗಳು 26,000 ರೂಪಾಯಿಯ ಬಿಲ್ಲು ಬಂತು. ಕೊಠಡಿಯ ಗೆಳೆಯನಿಗೆ ರಾತ್ರೋರಾತ್ರಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ, ಆಸ್ಪತ್ರೆಯ ಮುಂಗಡವನ್ನು ಇವನೇ ಕಟ್ಟಿದ್ದ. ಗೆಳೆಯನ ತಂದೆ ಹಣವನ್ನು ನಗದಾಗಿ ಹಿಂದಿರುಗಿಸಿದರೂ, ದಸರೆಗೆ ಊರಿಗೆ ಬರುವಾಗ ತಂದರಾಯಿತೆಂದು ಅದನ್ನು ಟ್ರಂಕಿನಲ್ಲಿಟ್ಟಿದ್ದ. ಒಂದು ಮಾತು ಹೇಳಿರಲಿಲ್ಲ. ನಾನೂ ಕೇಳಲಿಲ್ಲ, ಮುನಿಸಿಕೊಂಡೆ. ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ 1,300’ ಎಂದಿತ್ತು, ಅಷ್ಟನ್ನು ಕಟ್ಟಿ ಸುಮ್ಮನಾದೆ.

ಮೂವತ್ತು ವರ್ಷ ತರತಮಭಾವ ಪಾಠ ಹೇಳಿದವನಿಗೆ ಕನಿಷ್ಠ ಎಂದರೆ ‘ಸಾಕಾದಷ್ಟು’ ಅಲ್ಲವೆಂದು ಹೊಳೆಯದೆ ಹೋಯಿತು, ನೋಡಿ! ಕನಿಷ್ಠ ಪಾವತಿ ಕಟ್ಟಿದರೆ ತಪ್ಪುವುದು ದಂಡ, ಬಡ್ಡಿಯಲ್ಲ. ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ ಹಿಡಿದರೆ 26,000ಕ್ಕೆ ಬಡ್ಡಿ 910 ರೂಪಾಯಿ. ಅದರ ಮೇಲೆ ನೂರಕ್ಕೆ ಹದಿನೆಂಟರಂತೆ ತೆರಿಗೆ ಸುಮಾರು 164. ಬಡ್ಡಿಯನ್ನು ಎಣಿಸುವುದೂ ಬಿಲ್ಲಿನ ಗಡುವಿನಿಂದಲ್ಲ, ಖರ್ಚು ಮಾಡಿದ ದಿನದಿಂದ. ಇನ್ನೂ ಒಂದು ಪೇಚಿದೆ: ಹಳೆಯ ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗೆ ಬಡ್ಡಿರಹಿತ ಅವಧಿಯೇ ಸಿಕ್ಕುವುದಿಲ್ಲ. ಮಗ ಆಮೇಲೆ ಕೊಂಡ ಅರವತ್ತು ರೂಪಾಯಿಯ ನೋಟ್‌ಬುಕ್ಕಿಗೂ ಅಂದಿನಿಂದಲೇ ಬಡ್ಡಿ ಬಿತ್ತು. ಅವನ ಮೌನಕ್ಕೆ ನನ್ನ ಮುನಿಸು ಸೇರಿ ಬ್ಯಾಂಕಿಗೆ ಲಾಭವಾಯಿತು.

ಹಾಗಾದರೆ ಕೊಡಲೇಬಾರದೇ? ಹಾಗೆನ್ನಲಾರೆ. ಆ ರಾತ್ರಿ ಕಾರ್ಡಿರದಿದ್ದರೆ ಆ ಹುಡುಗನ ಗತಿಯೇನಾಗುತ್ತಿತ್ತೋ! ನಿಮ್ಮ ಕಾರ್ಡನ್ನೇ ಗುಪ್ತಸಂಖ್ಯೆಯೊಡನೆ ಮಕ್ಕಳ ಕೈಗಿಡುವುದಕ್ಕಿಂತ ಆಡ್-ಆನ್ ಕಾರ್ಡು ಎಷ್ಟೋ ಮೇಲು. ಗುಪ್ತಸಂಖ್ಯೆಯನ್ನು ಹಂಚಿಕೊಂಡು ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದೇ ಎಂದು ರಿಸರ್ವ್ ಬ್ಯಾಂಕು 2017ರ ಸುತ್ತೋಲೆಯಲ್ಲಿ ತಿಳಿಸಿತ್ತು. ಕಾರ್ಡು ಬಂದೊಡನೆ ಅದಕ್ಕೆ ಪ್ರತ್ಯೇಕ ಮಿತಿಯನ್ನು ಗೊತ್ತುಮಾಡಿಸಿಕೊಳ್ಳಿ. ಇಲ್ಲವಾದರೆ ನಿಮ್ಮ ಮಿತಿಯೆಲ್ಲವೂ ಅವರ ಮಿತಿಯೇ. ವಿದೇಶದ ವ್ಯವಹಾರವನ್ನು ಮುಚ್ಚಿಡಿ. ಪ್ರತಿ ಖರ್ಚಿನ ಸಂದೇಶ ನಿಮ್ಮ ಮೊಬೈಲಿಗೂ ಬರುವಂತೆ ಕೇಳಿಕೊಳ್ಳಿ.

ಅಮೆರಿಕದಲ್ಲಿ ನೆಲೆಸಿದ ಬಂಧುಗಳು “ಮಗುವನ್ನು ಬೇಗ ಸೇರಿಸಿಬಿಡಿ, ಅದರ ಹೆಸರಿನಲ್ಲಿ ಪತ್ತು ಬೆಳೆಯುತ್ತದೆ” ಎಂದು ನಿಮಗೆ ಬುದ್ಧಿ ಹೇಳಿಯಾರು. ಅಲ್ಲಿಗೆ ಅದು ಸರಿ. 2009ರ ಕಾಯಿದೆಯಿಂದಾಗಿ ಅಲ್ಲಿ ಇಪ್ಪತ್ತೊಂದರೊಳಗಿನವರು ಸ್ವಂತ ಆದಾಯವನ್ನೋ ಜೊತೆಗೊಬ್ಬ ಹೊಣೆಗಾರನನ್ನೋ ತೋರಿಸದೆ ಕಾರ್ಡು ಪಡೆಯಲಾರರು. ತಂದೆತಾಯಿಯರ ಲೆಕ್ಕಕ್ಕೆ ಸೇರಿದ ಮಕ್ಕಳ ವರದಿಯಲ್ಲಿ ಆ ಲೆಕ್ಕವೂ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ. ನಮ್ಮಲ್ಲಿ ಮಕ್ಕಳ ಪತ್ತು ಬೆಳೆಸಲು ಆಡ್-ಆನ್ ಕಾರ್ಡನ್ನು ನೆಚ್ಚಬೇಡಿ. ಅದಕ್ಕೆ ಹದಿನೆಂಟು ತುಂಬಿದ ಮೇಲೆ ಅವರದೇ ಹೆಸರಿನಲ್ಲಿ ಸಣ್ಣದೊಂದು ನಿಶ್ಚಿತ ಠೇವಣಿಯಿಟ್ಟು, ಅದರ ಆಧಾರದ ಮೇಲೆ ಕಾರ್ಡು ಪಡೆಯುವುದು ನೇರವಾದ ದಾರಿ.

ನನ್ನ ಮಗನ ಆಡ್-ಆನ್ ಕಾರ್ಡಿಗೆ ಈಗ 8,000ದ ಮಿತಿಯಿದೆ. ಶನಿವಾರ ರಾತ್ರಿ ವಾರದ ಖರ್ಚನ್ನು ಫೋನಿನಲ್ಲಿ ಓದಿ ಹೇಳುತ್ತಾನೆ. ಕಳೆದ ವಾರ ಪಟ್ಟಿ ಮುಗಿದ ಮೇಲೆ, “ಅಪ್ಪಾ, ಈ ತಿಂಗಳ ಬಿಲ್ಲು ಪೂರ್ತಿ ಕಟ್ಟಿದಿರಾ?” ಎಂದು ಅವನೇ ನನ್ನನ್ನು ವಿಚಾರಿಸಿದ.