ಹಳೆ ಕಪಾಟಿಗೆ ಹೊಸ ಕಳೆ

ಒಲೆಯ ಪಕ್ಕದ ಕಪಾಟಿನ ಬಾಗಿಲನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿ. ಅಂಟಂಟು! ವರ್ಷಗಟ್ಟಲೆ ಹಾಕಿದ ಒಗ್ಗರಣೆ, ಕರಿದ ಬೋಂಡ, ಹಪ್ಪಳ ಎಲ್ಲದರ ಜಿಡ್ಡೂ ಅಲ್ಲೇ ಕೂತಿರುತ್ತದೆ. ಹಿಡಿಕೆಯ ಸುತ್ತ ಬಣ್ಣ ಮಾಸಿರುತ್ತದೆ. ಬಡಗಿಯನ್ನು ಕರೆಸಿದರೆ ‘ಎಲ್ಲಾ ತೆಗೆದು ಹೊಸದು ಮಾಡಿಸಿಬಿಡಿ’ ಎನ್ನುತ್ತಾರೆ. ಅವರು ಹೇಳುವ ಮೊತ್ತ ಕೇಳಿದರೆ ಮಕ್ಕಳ ಶಾಲೆಯ ಫೀಸು ನೆನಪಾಗುತ್ತದೆ.

ಮರ ಗಟ್ಟಿಯಾಗಿದ್ದರೆ ಹೊಸ ಕಪಾಟು ಬೇಕಿಲ್ಲ, ಹೊಸ ಬಣ್ಣ ಸಾಕು. ಅದನ್ನು ಮನೆಯವರೇ ಬಳಿಯಬಹುದು. ಆದರೆ ಅವಸರ ಮಾತ್ರ ಕೂಡದು. ಇದು ನಮ್ಮ ಮನೆಯಲ್ಲೇ ಕಲಿತ ಪಾಠ. ಮೊದಲ ಸಲ ಶನಿವಾರ ಡಬ್ಬಿ ತಂದು, ಭಾನುವಾರ ಬಟ್ಟೆಯಲ್ಲಿ ಒರೆಸಿ, ಸಂಜೆಯೊಳಗೆ ಬಳಿದು ಮುಗಿಸಿದ್ದೆವು. ಎಲ್ಲಾ ಫಳಫಳ! ಎರಡೇ ತಿಂಗಳಲ್ಲಿ ಒಲೆಯ ಪಕ್ಕದ ಬಾಗಿಲಿನ ಬಣ್ಣ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಬಂತು. ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ.

ಮೊದಲು ಪರೀಕ್ಷೆ

ಸಿಂಕಿನ ಕೆಳಗಿನ ಬಾಗಿಲನ್ನು ಉಗುರಿನಿಂದ ಒತ್ತಿ ನೋಡಿ. ನೀರು ಕುಡಿದು ಉಬ್ಬಿದ ಹಲಗೆ, ಗೆದ್ದಲು ಹಿಡಿದ ಹಲಗೆ ಬಣ್ಣದಿಂದ ಸರಿಯಾಗದು. ಅಂಥ ಒಂದೆರಡು ಬಾಗಿಲನ್ನು ಮಾತ್ರ ಹೊಸದಾಗಿ ಮಾಡಿಸಿ. ಉಳಿದವು ಬಣ್ಣಕ್ಕೆ ಸಿದ್ಧ.

ಬಿಚ್ಚಿ, ತೊಳೆಯಿರಿ

ಬಾಗಿಲುಗಳನ್ನು ಬಿಚ್ಚಿ ಮಲಗಿಸಿಯೇ ಬಳಿಯಿರಿ. ನಿಲ್ಲಿಸಿ ಬಳಿದರೆ ಬಣ್ಣ ಸೋರಿ ಗೆರೆ ಬೀಳುತ್ತದೆ. ಇಲ್ಲಿ ಮಕ್ಕಳಿಗೂ ಕೆಲಸವಿದೆ: ಹಿಂಜ್ ಕೂರುವ ಜಾಗದಲ್ಲಿ ಪ್ರತಿ ಬಾಗಿಲಿಗೂ ಒಂದು ಸಂಖ್ಯೆ ಬರೆಯುವುದು, ಅದರ ಸ್ಕ್ರೂಗಳನ್ನು ಅದೇ ಸಂಖ್ಯೆಯ ಪೊಟ್ಟಣದಲ್ಲಿ ಕಟ್ಟಿಡುವುದು. ನೋಡಲು ಒಂದೇ ಥರ ಇದ್ದರೂ ಒಂದರ ಬಾಗಿಲು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ.

ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ, ಕೈಗವಸು ತೊಟ್ಟು ಜಿಡ್ಡನ್ನು ಉಜ್ಜಿ ತೆಗೆಯಿರಿ. ನಂತರ ಬರೀ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಎರಡು ಸಲ ಒರೆಸಿ. ಸೋಡಾ ಉಳಿದರೂ ಬಣ್ಣ ಹಿಡಿಯದು. ಒಂದು ದಿನ ಪೂರ್ತಿ ಒಣಗಲಿ.

ಉಜ್ಜುವಾಗ ಹುಷಾರ್

ಹಳೆಯ ಹೊಳಪು ಹೋಗುವಷ್ಟು ಉಪ್ಪುಕಾಗದದಿಂದ ಉಜ್ಜಬೇಕು. ಅಂಗಡಿಯಲ್ಲಿ ಎಮರಿ ಪೇಪರ್ ಎಂದು ಕೇಳಿ. ಮೊದಲು 120, ಆಮೇಲೆ 220 ನಂಬರಿನದು.

ಮನೆ ಹಳೆಯದಾಗಿದ್ದರೆ ಒಂದು ಎಚ್ಚರಿಕೆ. ಹಿಂದಿನ ಎನಾಮೆಲ್ ಬಣ್ಣಗಳಲ್ಲಿ ಸೀಸ ಬೆರೆತಿರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಸೀಸದ ಧೂಳು ಎಳೆಯ ಮಕ್ಕಳ ಮಿದುಳಿಗೂ ಗರ್ಭಿಣಿಯರಿಗೂ ಅಪಾಯ. ಹಳೆಯ ಬಣ್ಣದ ಬಗ್ಗೆ ಅನುಮಾನವಿದ್ದರೆ ಒಣದಾಗಿ ಉಜ್ಜಲೇಬೇಡಿ. ವಾಟರ್ ಪೇಪರ್ ತಂದು, ಒದ್ದೆ ಮಾಡಿಕೊಂಡು, ಒಳ್ಳೆಯ ಮಾಸ್ಕ್ ಧರಿಸಿ ಮನೆಯ ಹೊರಗೆ ಉಜ್ಜಿ. ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಿಂದಲೇ ಒರೆಸಿ. ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತಿದ್ದರೆ ಆ ಕೆಲಸ ತಿಳಿದವರಿಗೇ ಬಿಡಿ. ಉಜ್ಜುವ ದಿನ ಮಕ್ಕಳು ಅಜ್ಜಿ ಮನೆಯಲ್ಲಿರಲಿ.

ಪ್ರೈಮರ್, ಆಮೇಲೆ ಬಣ್ಣ

ಸ್ಕ್ರೂ ತೂತು, ಗೀರುಗಳಿಗೆ ಮರದ ಪುಟ್ಟಿ ತುಂಬಿ, ಒಣಗಿದ ಮೇಲೆ ನುಣ್ಣಗೆ ಮಾಡಿ. ಮರಕ್ಕೆ ವುಡ್ ಪ್ರೈಮರ್ ಸಾಕು. ಸನ್‌ಮೈಕಾ ಅಂಟಿಸಿದ ಬಾಗಿಲಿಗೆ ಅದು ಹಿಡಿಯದು. ನುಣುಪಾದ ಮೇಲ್ಮೈಗೆಂದೇ ಇರುವ ಪ್ರೈಮರ್ ಕೇಳಿ ತನ್ನಿ.

ಬಣ್ಣ ಎಷ್ಟು ಬೇಕು? ಎರಡು ಅಡಿ ಎತ್ತರ, ಒಂದೂವರೆ ಅಡಿ ಅಗಲದ ಬಾಗಿಲಿನ ಎರಡೂ ಬದಿ ಸೇರಿ 6 ಚದರ ಅಡಿ. ಎಂಟು ಬಾಗಿಲಿಗೆ 48, ಎರಡು ಕೋಟ್‌ಗೆ 96. ಒಂದು ಲೀಟರ್ ಎನಾಮೆಲ್ ಸುಮಾರು 100 ಚದರ ಅಡಿಗೆ ಬರುತ್ತದೆ. ಚೌಕಟ್ಟಿಗೆಂದು ಇನ್ನರ್ಧ ಲೀಟರ್ ಸೇರಿಸಿಕೊಳ್ಳಿ.

ಅಂಚು, ಮೂಲೆಗಳಿಗೆ ಬ್ರಷ್, ಅಗಲ ಜಾಗಕ್ಕೆ ಸಣ್ಣ ಫೋಮ್ ರೋಲರ್. ದಪ್ಪನೆಯ ಒಂದು ಕೋಟ್‌ಗಿಂತ ತೆಳುವಾದ ಎರಡು ಕೋಟ್ ಎಷ್ಟೋ ಮೇಲು. ಎನಾಮೆಲ್ ಆದರೆ ನಡುವೆ ಒಂದು ಇಡೀ ದಿನದ ಅಂತರವಿರಲಿ. ಕಿಟಕಿಗಳನ್ನು ತೆರೆದಿಡಿ. ಟರ್ಪೆಂಟೈನ್, ಥಿನ್ನರ್ ಆವಿಗೆ ಥಟ್ಟನೆ ಬೆಂಕಿ ಹತ್ತುತ್ತದೆ. ಹಾಗಾಗಿ ಅಂದು ಅಲ್ಲಿ ಒಲೆಯೂ ಬೇಡ, ಊದುಬತ್ತಿಯೂ ಬೇಡ. ಊಟ ಹೊರಗಿನಿಂದ ಬರಲಿ!

ಒಣಗಲು ಬಿಡಿ

ಮುಟ್ಟಿದರೆ ಅಂಟದು ಎಂದ ಮಾತ್ರಕ್ಕೆ ಬಣ್ಣ ಗಟ್ಟಿಯಾಯಿತು ಎಂದಲ್ಲ. ಅದಕ್ಕೆ ಕೆಲವು ವಾರಗಳೇ ಬೇಕು. ಅಲ್ಲಿಯವರೆಗೆ ಬಾಗಿಲನ್ನು ಧಡಕ್ಕನೆ ಹಾಕಬೇಡಿ, ಒದ್ದೆ ಬಟ್ಟೆಯಿಂದ ತಿಕ್ಕಬೇಡಿ. ಮಳೆಗಾಲದಲ್ಲಿ ಬಣ್ಣ ಬೇಗ ಒಣಗದು. ದೀಪಾವಳಿಗೆ ಕಪಾಟು ಹೊಳೆಯಬೇಕೆಂದರೆ ಮಳೆ ಬಿಡುವು ಕೊಟ್ಟ ಕೂಡಲೇ ಕೆಲಸ ಶುರು ಮಾಡಿ. ಹಬ್ಬದ ಹಿಂದಿನ ವಾರ ಬೇಡ.

ಎರಡನೇ ಸಲ ನಾವು ನಾಲ್ಕು ದಿನ ತೊಳೆದು, ಉಜ್ಜಿ, ಒಣಗಿಸಿದೆವು. ಪ್ರೈಮರ್‌ಗೆ ಒಂದು ದಿನ, ಬಣ್ಣಕ್ಕೆ ಎರಡು ದಿನ. ಎಷ್ಟೋ ಒಗ್ಗರಣೆ ಸಿಡಿದಿದೆ, ಒಲೆಯ ಪಕ್ಕದ ಆ ಬಾಗಿಲು ಇನ್ನೂ ಜಗ್ಗಿಲ್ಲ. ಹಿಂಜ್‌ನ ಹಿಂದೆ ಮಗಳು ಬರೆದ ಸೊಟ್ಟ ‘3’ ಕೂಡ ಹಾಗೇ ಇದೆ.